ಮೊದಲು ಸುಂದ್ರಾಗ

ಆ ಸೀಸೆಯನ್ನು ನನ್ನ ಸೊಸೆ ಮೇಘಾ ಕೈಯಾರೆ ತಂದು ನನ್ನ ಮುಂದೆ ಇಟ್ಟಳು. ಅವಳ ತಪ್ಪೇನೂ ಇಲ್ಲ. ದೀಪಾವಳಿ ಹತ್ತಿರ ಬಂದಿತ್ತು, ಸೊಲ್ಲಾಪುರದ ಯಾವುದೋ ಮಂಗಲ ಕಾರ್ಯಾಲಯದಲ್ಲಿ ಹೆಂಗಸರು ಮಾಡಿದ ಸಾಮಾನುಗಳ ಪ್ರದರ್ಶನ ನಡೆದಿತ್ತು, ಅತ್ತೆಗೆ ಹಳೆಯದೆಲ್ಲ ಇಷ್ಟ ಎಂದುಕೊಂಡು ತಂದಿದ್ದಳು. ಕಂದು ಗಾಜಿನ ಸೀಸೆ, ಬಾಯಿಗೆ ಖಾದಿ ಬಟ್ಟೆ, ಕೊರಳಿಗೆ ಸೆಣಬಿನ ದಾರ. ಒಳಗಿದ್ದದ್ದು ಉಟಣೆ. ಹಬ್ಬದ ದಿನ ಎಣ್ಣೆ ಹಚ್ಚಿದ ಮೈಗೆ ತಿಕ್ಕಿಕೊಳ್ಳುವ ಪರಿಮಳದ ಹಿಟ್ಟು. ನಮ್ಮ ಕಾಲಕ್ಕೆ ಅದು ಹರಕು ಬಟ್ಟೆಯ ಗಂಟಿನಲ್ಲಿ ಗೂಟಕ್ಕೆ ತೂಗಾಡುತ್ತಿತ್ತು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಗಾಜಿನ ಸೀಸೆಗೆ ಹಾಕಿ ದಾರ ಕಟ್ಟಿದರೆ ಮಾತ್ರ ಎಲ್ಲರಿಗೂ ಅದು ಮದ್ದೇ ಆಗುತ್ತದೆ.

"ಅತ್ತಿ, ನೋಡ್ರಿ. ಜುನ್ಯಾ, ಹಳೇ ಪದ್ಧತಿದ್ದು. ಅಕ್ಕಲಕೋಟದಾಗ ಒಬ್ಬ ಆಜಿ ಒರಳಾಗ ಕುಟ್ಟಿ ಮಾಡ್ತಾಳಂತ. ಕಾಡಿಗಿ ಅದ, ಮಾಕಾದ ಸೊಪ್ಪು ಹಾಕಿದ ಎಣ್ಣಿ ಅದ, ಗಂಡಸರ ಮೀಸಿಗೆ ಹಚ್ಚೂ ಮೇಣಾನೂ ಅದ. ಜನಾ ಮುಕರಿಬಿದ್ದು ತಗೊಳಾಕತ್ತಿತ್ತು."

ಚೀಟಿಯ ಮೇಲೊಂದು ಫೋಟೋ ಇತ್ತು. ಕನ್ನಡಕ ಹಾಕಿಕೊಂಡು ನೋಡಿದೆ. ಕಟ್ಟಿಗೆಯ ಕುರ್ಚಿಯ ಮೇಲೆ ಸೆರಗನ್ನು ಕಿವಿಯ ತನಕ ಎಳೆದುಕೊಂಡು ಕುಳಿತವಳು ನನ್ನ ಆಯಿ, ಅಂದರೆ ನನ್ನ ತಂದೆಯ ತಾಯಿ. ಪಕ್ಕದಲ್ಲಿ ಬಿಗಿಯಾಗಿ ಹೆಣೆದ ಎರಡು ಜಡೆ, ಅಂಚಿನ ಪರಕಾರ, ಅಂದರೆ ಉದ್ದ ಲಂಗ, ಉಟ್ಟ ಒಂದು ಹುಡುಗಿ.

"ಅಯ್ಯ, ಇಕಿ ನಮ್ಮ ಆಯಿ!" ಎಂದೆ.

"ಖರೇನ? ಹಂಗಾದ್ರ ಬಾಜೂಕ ನಿಂತಾಕಿ ನೀವಾ?"

"ಅಲ್ಲ. ಆಕಿ ಸುಂದ್ರಾ."

ಇಷ್ಟು ವರ್ಷವಾದ ಮೇಲೂ ಆ ಹೆಸರು ಹೇಳುವಾಗ ನನ್ನ ಹಲ್ಲು ಒಂದರ ಮೇಲೊಂದು ಕೂತವು. ಆ ಪರಕಾರ ನನ್ನದು ಎಂದು ಮೇಘಾಳಿಗೆ ಹೇಳಲಿಲ್ಲ. ನನಗೆ ಮೊಮ್ಮಕ್ಕಳಿದ್ದಾರೆ, ಮಗನಿಗೆ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ ಟವೆಲ್ ಮಗ್ಗಗಳಿವೆ, ನಾಲ್ಕು ಜನರು ನನ್ನನ್ನು ಕಂಡು ಎದ್ದು ನಿಲ್ಲುತ್ತಾರೆ. ಇಂಥವಳು ಒಂದು ಸೀಸೆಯನ್ನು ಹಿಡಿದುಕೊಂಡು ಹೊಟ್ಟೆಕಿಚ್ಚು ಪಡುವುದನ್ನು ಸೊಸೆಗೆ ಹೇಗೆ ತೋರಿಸಲಿ? ಸೀಸೆಯನ್ನು ದೇವರ ಮಾಡದಲ್ಲಿ ಇಟ್ಟೆ, ಅಲ್ಲಿಂದ ತೆಗೆದು ಕಪಾಟಿನಲ್ಲಿ ಇಟ್ಟೆ. ಮತ್ತೆ ತೆಗೆದು ನೋಡಿದೆ.

ನನ್ನ ತವರುಮನೆ ಅದೇ ಅಕ್ಕಲಕೋಟ ರಸ್ತೆಯ ಕುಂಭಾರಿಯಲ್ಲಿತ್ತು. ಮಣ್ಣಿನ ಮಾಳಿಗೆಯ ದೊಡ್ಡ ಮನೆ. ಮುಂದೆ ಕಟ್ಟೆ, ಆಮೇಲೆ ಪಡಸಾಲೆ, ಅದರ ಬಲಕ್ಕೆ ಎತ್ತುಗಳು, ಎಡಕ್ಕೆ ಮನುಷ್ಯರು. ಒಲೆಯ ಹೊಗೆಗೆ ಅಡಿಗೆಮನೆಯ ಗೋಡೆ ಕಪ್ಪಾಗಿ ಮಿರಮಿರ ಮಿಂಚುತ್ತಿತ್ತು. ಅದರ ಹಿಂದೆ ಕಿಟಕಿಯಿಲ್ಲದ, ಮಾಳಿಗೆಯ ಬೆಳಕಿಂಡಿಯಿಂದ ಒಂದು ಕೋಲಿನಷ್ಟೇ ಬಿಸಿಲು ಇಳಿಯುವ ಒಂದು ಸಣ್ಣ ಕೋಣೆಯಿತ್ತು. ಕತ್ತಲಖೋಲಿ ಎನ್ನುತ್ತಿದ್ದೆವು. ಮನೆಯಲ್ಲಿ ಎರಡು ಒರಳುಗಳು. ಅಡಿಗೆಮನೆಯದು ಚಟ್ನಿಗೆ, ಕತ್ತಲಖೋಲಿಯದು ಆಯಿಗೆ. ಆ ಒರಳಿಗೆ ಅಡಿಗೆಯ ಪದಾರ್ಥ ಯಾವುದೂ ಮುಟ್ಟಬಾರದು; ಉಪ್ಪಿನ ಕೈಯಿಂದ ಯಾರಾದರೂ ಮುಟ್ಟಿದರೂ ಆಯಿ ರಣಚಂಡಿ ಆಗುತ್ತಿದ್ದಳು. ದಸರೆ ಮುಗಿಯುತ್ತಲೇ ಸೊಲ್ಲಾಪುರದ ಗಂಧಿಗನ ಅಂಗಡಿಯಿಂದ ಗಂಟುಗಳು ಬರುತ್ತಿದ್ದವು. ಕಚೋರ, ಆಂಬೆಹಳದಿ, ನಾಗರಮೋಥ, ಲಾವಂಚದ ಬೇರು. ಮನೆಯ ಗುಲಾಬಿಯ ಪಕಳೆ ಮತ್ತು ಕಿತ್ತಳೆ ಸಿಪ್ಪೆಯನ್ನು ಆಯಿ ಆ ಒಂದು ಕೋಲು ಬಿಸಿಲಲ್ಲೇ ಸರಿಸಿ ಸರಿಸಿ ಒಣಗಿಸುತ್ತಿದ್ದಳು. ಆಯಿಯ ಅತ್ತೆ ಹೀಗೇ ಮಾಡುತ್ತಿದ್ದಳಂತೆ, ಅವಳ ಅತ್ತೆಯೂ ಹೀಗೇ ಅಂತೆ. ಊರ ದೇಸಗತಿ ಮನೆಗೂ ನಮ್ಮ ಕೋಣೆಯಿಂದಲೇ ಕಾಡಿಗೆ ಹೋಗುತ್ತಿತ್ತು ಎಂದು ಆಯಿ ಹೇಳುತ್ತಿದ್ದಳು, ಅದು ಎಷ್ಟು ನಿಜವೋ ಗೊತ್ತಿಲ್ಲ.

ಆಯಿ ಕುಳಿತದ್ದನ್ನು ಕಂಡವರು ಕಡಿಮೆ. ಕುಟ್ಟಲು ಕುಳಿತರೆ ಅದು ಕೂರುವುದಲ್ಲ, ಕೆಲಸ. ಹೊಲಕ್ಕೆ ಆಳು ಹಚ್ಚುವುದು ಅವಳದು, ಕಾಳು ಅಳೆಯುವುದು ಅವಳದು, ಎತ್ತಿಗೆ ಹೊಟ್ಟೆಯುಬ್ಬರ ಬಂದರೆ ಗೊಟ್ಟ ಹಾಕುವುದೂ ಅವಳೇ. ಊಟ ನಿಂತೇ ಮಾಡುತ್ತಿದ್ದಳು, ಒಂದು ಕೈಯಲ್ಲಿ ರೊಟ್ಟಿ, ಮೇಲೆ ಚಟ್ನಿ. ಮೊಮ್ಮಕ್ಕಳನ್ನು ತೊಡೆಯ ಮೇಲೆ ಕೂಡಿಸಿಕೊಳ್ಳುವ ಆಯಂದಿರು ಬೇರೆ ಮನೆಗಳಲ್ಲಿ ಇದ್ದರು. ನಮ್ಮ ಆಯಿಯ ತೊಡೆ ನಮಗೆ ಸಿಗುತ್ತಿರಲಿಲ್ಲ, ಅವಳ ಬೆನ್ನು ಮಾತ್ರ ಸಿಗುತ್ತಿತ್ತು, ಅದೂ ಓಡುತ್ತಿರುವ ಬೆನ್ನು. ನಾನು ಆ ಬೆನ್ನಿನ ಹಿಂದೆಯೇ ಓಡಾಡಿ ಬೆಳೆದೆ.

ಸುಂದ್ರಾ ಆಯಿಯ ಮಗಳ ಮಗಳು. ನಮ್ಮ ಸೋದರತ್ತೆ ತೀರಿಕೊಂಡ ಮೇಲೆ ಅವಳ ಗಂಡ ಬೇರೆ ಮದುವೆಯಾದ, ಆಯಿ ಹೋಗಿ ಕೂಸನ್ನು ಸೊಂಟದ ಮೇಲೆ ಹೊತ್ತುಕೊಂಡು ಬಂದಳು. ನನಗಿಂತ ಸ್ವಲ್ಪ ದೊಡ್ಡವಳು, ನನಗಿಂತ ಬೆಳ್ಳಗೆ, ನನಗಿಂತ ಕಡಿಮೆ ಮಾತು. ಮನೆಗೆ ಬಂದವರೆಲ್ಲ ‘ಪಾಪ’ ಎಂದು ಅವಳ ತಲೆ ಸವರಿ ಹೋಗುತ್ತಿದ್ದರು. ನನ್ನ ತಲೆಯನ್ನು ಯಾರೂ ಸವರುತ್ತಿರಲಿಲ್ಲ. ನನಗೆ ಪಾಪ ಅನ್ನಿಸಿಕೊಳ್ಳುವ ಯೋಗ್ಯತೆ ಇರಲಿಲ್ಲ. ನನ್ನ ತಾಟಿಗೆ ಅವ್ವ ಬೆಣ್ಣೆ ಹಾಕುತ್ತಿದ್ದಳು, ನನ್ನ ರೊಟ್ಟಿ ಒಲೆಯಿಂದ ನೇರ ಬರುತ್ತಿತ್ತು, ಸುಂದ್ರಾ ಬುಟ್ಟಿಯ ತಂಗಳು ಮುರಿದುಕೊಂಡು ತಿನ್ನುತ್ತಿದ್ದಳು. ಇದೆಲ್ಲ ಕಣ್ಣಿಗೆ ಬೀಳುತ್ತಿತ್ತು, ಆದರೆ ಲೆಕ್ಕಕ್ಕೆ ಬರುತ್ತಿರಲಿಲ್ಲ. ನನ್ನ ಲೆಕ್ಕಕ್ಕೆ ಬರುತ್ತಿದ್ದದ್ದು ಕತ್ತಲಖೋಲಿಯ ಒಂದೇ ಒಂದು ಸಂಗತಿ.

ಉಟಣೆ ಕುಟ್ಟಿ ಜರಡಿ ಹಿಡಿದಾದ ಮೇಲೆ ಆಯಿ ಕರೆಯುತ್ತಿದ್ದಳು.

"ಸುಂದ್ರಾ, ಬಾ ಇಲ್ಲೆ. ಕೈ ಚಾಚು."

ಅವಳು ಹೋಗುತ್ತಿದ್ದಳು. ಆಯಿ ಬಾಗಿಲನ್ನು ಅರ್ಧ ಮುಂದೆ ಮಾಡುತ್ತಿದ್ದಳು. ನಾನು ಸಂದಿಯಲ್ಲಿ ಕಣ್ಣಿಟ್ಟು ನಿಲ್ಲುತ್ತಿದ್ದೆ. ಆಯಿ ಒಂದು ಚಿಟಿಕೆ ಹಿಟ್ಟನ್ನು ಹಾಲಲ್ಲಿ ಕಲಸಿ ಸುಂದ್ರಾಳ ಮೊಣಕೈಯ ಒಳಮಡಿಕೆಗೆ, ಎಲ್ಲಿ ಚರ್ಮ ಎಳೆಯದಿರುತ್ತದೋ ಅಲ್ಲಿ, ಮೆಲ್ಲಗೆ ಹಚ್ಚುತ್ತಿದ್ದಳು. ಆಮೇಲೆ, ನನ್ನ ಮೈಯೆಲ್ಲ ಕಿವಿಯಾಗುತ್ತಿದ್ದದ್ದು ಆಗಲೇ, ಆಯಿ ಕುಳಿತುಬಿಡುತ್ತಿದ್ದಳು. ನಿಜವಾಗಿ ಕುಳಿತುಬಿಡುತ್ತಿದ್ದಳು, ಕೈಯಲ್ಲಿ ಕೆಲಸವಿಲ್ಲದೆ. ಸುಂದ್ರಾಳ ಮುಂಗೈ ಹಿಡಿದುಕೊಂಡು, ತಲೆಗೆ ತಲೆ ತಾಗುವಷ್ಟು ಬಾಗಿ, ಏನೋ ಪಿಸುಗುಡುತ್ತಿದ್ದಳು. ಸುಂದ್ರಾ ತಲೆ ಅಲ್ಲಾಡಿಸುತ್ತಿದ್ದಳು. ಮತ್ತೆ ಪಿಸುಮಾತು. ಬೆಳಕಿಂಡಿಯ ಬಿಸಿಲು ಅವರಿಬ್ಬರ ಕೈಗಳ ಮೇಲೇ ಬೀಳುತ್ತಿತ್ತು. ಕಾಡಿಗೆಗೂ ಹೀಗೇ, ಎಣ್ಣೆಗೂ ಹೀಗೇ. ಅಜ್ಜನ ಮೀಸೆಯ ಮೇಣ ಕೂಡ ಅಜ್ಜನ ಮೀಸೆಗಿಂತ ಮೊದಲು ಸುಂದ್ರಾಳ ಕೈಗೆ! ದೇವರಿಗೆ ನೈವೇದ್ಯ ತೋರಿಸಿ ಉಳಿದವರಿಗೆ ಬಡಿಸುವ ಹಾಗೆ, ನಮ್ಮ ಮನೆಯಲ್ಲಿ ಎಲ್ಲವೂ ಮೊದಲು ಸುಂದ್ರಾಗೆ.

ಒಮ್ಮೆ ತಡೆಯಲಾರದೆ ಬಾಗಿಲು ತಳ್ಳಿಕೊಂಡು ಒಳಗೆ ಹೋದೆ.

"ಆಯಿ, ನನಗ?"

"ನಿನಗ ಹಬ್ಬದ ದಿನ."

"ಈಗ ಹಚ್ಚು. ಆಕಿಗಿ ಹಚ್ಚೀದಿ."

"ಹೋಗ ಅತ್ತಾಗ, ನಿಮ್ಮವ್ವನ ಹಂತ್ಯಾಕ ಹೋಗು."

ಅವ್ವನ ಹತ್ತಿರ ಹೋದೆ. ಅವ್ವ ಕರ್ಚಿಕಾಯಿಯ ಅಂಚು ಮಡಿಸುತ್ತಿದ್ದಳು.

"ತಾಯಿಲ್ಲದ ಕೂಸು ಅದು. ಅದರ ಜೋಡಿ ಏನ್ ಜಿದ್ದ ನಿಂದು?" ಎಂದಳು.

ಆ ರಾತ್ರಿ ಹಾಸಿಗೆಯಲ್ಲಿ ನಾನು ಯೋಚಿಸಿದ್ದು ಇಷ್ಟೇ: ಅವ್ವ ಸತ್ತರೆ ಆಯಿ ನನ್ನ ಕೈ ಹಿಡಿದಾಳು. ಹಾಗೆ ಯೋಚಿಸಿದ ಕೂಡಲೇ ಹೆದರಿ ಅವ್ವನ ಸೆರಗನ್ನು ಬಾಯಲ್ಲಿ ಕಚ್ಚಿಕೊಂಡು ಮಲಗಿದೆ. ಮಕ್ಕಳ ಹೊಟ್ಟೆಕಿಚ್ಚು ಸಣ್ಣದು ಎನ್ನುವವರಿಗೆ ಮಕ್ಕಳ ವಿಷಯ ಏನೂ ಗೊತ್ತಿಲ್ಲ.

ಆ ವರ್ಷ ಸೊಲ್ಲಾಪುರದ ಮಿಲ್ಲಿನಲ್ಲಿ ಕೆಲಸಕ್ಕಿದ್ದ ನಮ್ಮ ಕಾಕಾ ಹಬ್ಬಕ್ಕೆ ಫೋಟೋದವನನ್ನು ಕರೆತರುತ್ತೇನೆ ಎಂದ. ಊರಲ್ಲಿ ಅದುವರೆಗೆ ಫೋಟೋ ತೆಗೆಸಿದ ಮನೆಗಳು ಬೆರಳೆಣಿಕೆಯಷ್ಟು. ಆಯಿ ಕುರ್ಚಿಯ ಮೇಲೆ ಕೂರುವುದು, ಪಕ್ಕದಲ್ಲಿ ನಾನು ನಿಲ್ಲುವುದು ಎಂದು ನಿಕ್ಕಿಯಾಯಿತು. ನಿಕ್ಕಿ ಮಾಡಿದವಳು ನಾನೇ. ದಿನಕ್ಕೊಮ್ಮೆ ಎಲ್ಲರಿಗೂ ಹೇಳಿ ಹೇಳಿ ಅದನ್ನು ಕಾಯಂ ಮಾಡಿಸಿದ್ದೆ. ಅವ್ವ ನನಗೆ ಇಳಕಲ್ಲಿನ ಅಂಚಿಟ್ಟು ಪರಕಾರ ಹೊಲಿಸಿದಳು. ಸುಂದ್ರಾಗೆ ನನ್ನ ಹಳೆಯ ಪರಕಾರದ ಮಡಿಕೆ ಬಿಚ್ಚಿ ಉದ್ದ ಮಾಡಿಕೊಟ್ಟರು. ಒಂದು ಫೋಟೋ ಸಾಕು, ಒಮ್ಮೆ ಆಯಿಯ ಪಕ್ಕದಲ್ಲಿ ನಿಂತು ಗಾಜಿನ ಒಳಗೆ ಹೋಗಿಬಿಟ್ಟರೆ ಆಮೇಲೆ ಯಾರೂ ನನ್ನನ್ನು ಅಲ್ಲಿಂದ ಸರಿಸಲಾರರು ಎಂದುಕೊಂಡೆ.

ಆದದ್ದು ಏನೆಂದರೆ, ಹಬ್ಬಕ್ಕೆ ಮೊದಲು ಅವ್ವ ಅಡಿಗೆಮನೆಯ ಒರಳಿನಲ್ಲಿ ಹೋಳಿಗೆಗೆ ಬೆಲ್ಲ, ಎಳ್ಳು, ಶೇಂಗಾ ಕುಟ್ಟುತ್ತ ಕೂತುಬಿಟ್ಟಿದ್ದಳು. ಕಾಕಾನ ಹೆಂಡತಿ ಕಾಕುವಿಗೆ ತವರಿಗೆ ಕಳಿಸಲು ಶೇಂಗಾ ಚಟ್ನಿ ಕುಟ್ಟಬೇಕಾಗಿತ್ತು, ಆಳು ಹೊರಟು ನಿಂತಿದ್ದ. ಆಯಿ ಹೊಲಕ್ಕೆ ಹೋಗಿದ್ದಳು. ಕಾಕು ಕತ್ತಲಖೋಲಿಗೆ ಹೋಗಿ ಕೆಂಪು ಖಾರಪುಡಿ, ಬಳ್ಳೊಳ್ಳಿ, ಶೇಂಗಾ ಹಾಕಿ ಎಣ್ಣೆ ಬಿಡುವ ತನಕ ಆಯಿಯ ಒರಳಲ್ಲೇ ಕುಟ್ಟಿದಳು. ಆಮೇಲೆ ತೊಳೆದಿಟ್ಟಳು. ಆದರೆ ಸೊಲ್ಲಾಪುರದ ಕಡೆಯ ಶೇಂಗಾ ಚಟ್ನಿ ಕಲ್ಲಿನ ಒಳಗೇ ಇಳಿಯುತ್ತದೆ, ತೊಳೆದರೆ ಕೈಗೆ ಹತ್ತುತ್ತದೆಯೇ ಹೊರತು ಕಲ್ಲನ್ನು ಬಿಡುವುದಿಲ್ಲ. ಮರುದಿನ ಆಯಿ ಅದರಲ್ಲೇ ಉಟಣೆ ಕುಟ್ಟಿದಳು. ಅವಳ ಮೂಗು ತಪಕೀರು, ಅಂದರೆ ನಶ್ಯ, ಏರಿಸಿ ಏರಿಸಿ ಎಂದೋ ಸತ್ತಿತ್ತು. ಕಚೋರದ ವಾಸನೆ ಹೊಡೆದರೆ ಸಾಕು, ಉಳಿದದ್ದು ತಿಳಿಯುತ್ತಿರಲಿಲ್ಲ.

ಸುಂದ್ರಾಳನ್ನು ಕರೆದಳು. ನಾನು ಸಂದಿಗೆ ಓಡಿದೆ. ಆ ದಿನ ಆಯಿ ಎಂದಿಗಿಂತ ಹೆಚ್ಚು ಹೊತ್ತು ಕುಳಿತಳು. ಮುಂಗೈ ಹಿಡಿದು ಪಿಸುಗುಟ್ಟಿದಳು, ಸುಂದ್ರಾ ತಲೆ ಅಲ್ಲಾಡಿಸಿದಳು. ಮತ್ತೆ ಪಿಸುಗುಟ್ಟಿದಳು, ಮತ್ತೆ ಅಲ್ಲಾಡಿಸಿದಳು. ಬಿಸಿಲಿನ ಕೋಲು ಸರಿದು ಸುಂದ್ರಾಳ ಮುಖಕ್ಕೆ ಬಂದಾಗ ಅವಳ ಕಣ್ಣಲ್ಲಿ ನೀರು ತುಂಬಿದ್ದು ಕಂಡಿತು. ಆಯಿ ಅದೆಂಥ ಪ್ರೀತಿಯ ಮಾತು ಹೇಳಿದಳೋ, ಕಣ್ಣು ತುಂಬುವಂಥದ್ದು ಎಂದು ನಾನು ಬಾಗಿಲ ಹೊರಗೆ ನಿಂತು ಉಗುರು ಕಚ್ಚಿದೆ. ನನಗೆ ಯಾರೂ ಅಂಥ ಮಾತು ಹೇಳಿರಲಿಲ್ಲ.

ಹಬ್ಬದ ಬೆಳಗ್ಗೆ ಹಿತ್ತಲಲ್ಲಿ ಹಂಡೆಯ ನೀರು ಕುದಿಯುತ್ತಿತ್ತು. ನನ್ನನ್ನು ಮಣೆಯ ಮೇಲೆ ಕೂಡಿಸಿ ಅವ್ವ ಎಣ್ಣೆ ಹಚ್ಚಿದಳು. ಮುಖಕ್ಕೆ ಉಟಣೆ ಹಚ್ಚಲು ಆಯಿಯೇ ಬಂದಳು. ಫೋಟೋ ಇದೆಯಲ್ಲ, ಮುಖ ಹೊಳೆಯಬೇಕು. ನಾನು ಕಣ್ಣು ಮುಚ್ಚಿ ಮುಖ ಮೇಲೆ ಮಾಡಿದೆ. ಆಯಿಯ ಒರಟು ಅಂಗೈ ನನ್ನ ಎರಡೂ ಕೆನ್ನೆಗಳನ್ನು ತುಂಬಿತು. ಆ ಒಂದು ಕ್ಷಣ ಸುಖವಾಗಿತ್ತು, ಅದನ್ನು ಸುಳ್ಳು ಹೇಳಲಾರೆ. ಆಮೇಲೆ ಬೆಂಕಿ ಬಿತ್ತು. ಉಜ್ಜಿಕೊಂಡೆ, ಕಣ್ಣೊಳಗೂ ಹೋಯಿತು. ನನ್ನ ಚೀರಾಟಕ್ಕೆ ಎತ್ತುಗಳು ಹಗ್ಗ ಜಗ್ಗಿದವಂತೆ. ಅವ್ವ ಮೊಸರಿನ ಗಡಿಗೆಯನ್ನೇ ತಂದು ನನ್ನ ಮುಖಕ್ಕೆ ಮಗುಚಿದಳು. ಆಯಿ ತನ್ನ ಬೆರಳನ್ನು ನಾಲಿಗೆಗೆ ಮುಟ್ಟಿಸಿದಳು.

"ಖಾರ!" ಎಂದಳು. ಆಮೇಲೆ ತಿರುಗಿ ಕೇಳಿದ್ದು ಕಾಕುವನ್ನಲ್ಲ.

"ಸುಂದ್ರಾ, ಯಾಕ ಹೇಳಲಿಲ್ಲ?"

ಸುಂದ್ರಾ ಹಂಡೆಯ ಆಚೆ ನಿಂತಿದ್ದಳು. ಮೊಣಕೈಯನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡಿದ್ದಳು.

"ನಾ ತೊಳದಿದ್ದೆನ್ರೀ ಅತ್ತಿ, ದೇವರಾಣಿ ತೊಳದಿದ್ದೆ," ಎಂದು ಕಾಕು ಅಳಲು ಶುರುಮಾಡಿದಳು, ಆಗಲೇ ಚಟ್ನಿಯ ವಿಷಯ ಹೊರಬಿತ್ತು. ಆಯಿ ಅವಳನ್ನು ಬೈದಳೋ ಇಲ್ಲವೋ ನೆನಪಿಲ್ಲ. ನನ್ನ ಕಿವಿಯಲ್ಲಿ ಆ ಒಂದೇ ಮಾತು ಉಳಿಯಿತು. ಹೇಳಲಿಲ್ಲ ಎಂದರೆ ಸುಂದ್ರಾಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ಮುಖಕ್ಕೆ ಹಚ್ಚಿಸಿದಳು.

ಫೋಟೋದವನು ಬಂದಾಗ ನನ್ನ ಕಣ್ಣು ಬಾತು ಒಂದು ಗೆರೆಯಷ್ಟೇ ಉಳಿದಿದ್ದವು. ಮುಖದ ಮೇಲೆ ಮೊಸರಿನ ಬಟ್ಟೆ ಹಾಕಿ ನನ್ನನ್ನು ಕತ್ತಲಖೋಲಿಯಲ್ಲೇ ಮಲಗಿಸಿದ್ದರು, ತಂಪಿರುತ್ತದೆ ಎಂದು. ಇನ್ನೊಂದು ದಿನ ತೆಗೆಸಿದರಾಯಿತು ಎಂದು ಅವ್ವ ಗೋಗರೆದಳು. ಅವನಿಗೆ ಬೇರೆ ಊರಿಗೆ ಹೋಗುವುದಿತ್ತು, ಅಜ್ಜ ತನ್ನ ಬೇರೆ ಫೋಟೋಕ್ಕೆ ಮೇಣ ಹಚ್ಚಿ ಮೀಸೆ ತಿರುವಿ ತಯಾರಾಗಿ ನಿಂತಿದ್ದ. ಪಡಸಾಲೆಯಿಂದ ಫೋಟೋದವನ ಮರಾಠಿ ಕೇಳಿಸುತ್ತಿತ್ತು.

"ಆಜೀ, ಇಕಡೆ ಬಘಾ. ಹಲೂ ನಕಾ. ಪೋರೀ, ಅಜೂನ ಜವಳ ಯೇ."

ಅಜ್ಜಿ, ಇತ್ತ ನೋಡಿ, ಅಲ್ಲಾಡಬೇಡಿ. ಹುಡುಗಿ, ಇನ್ನೂ ಹತ್ತಿರ ಬಾ. ಯಾವ ಹುಡುಗಿ ಎಂದು ನನಗೆ ಕೇಳಬೇಕಾಗಿರಲಿಲ್ಲ. ಹೊಸ ಪರಕಾರ ಸುಮ್ಮನೆ ಪೆಟ್ಟಿಗೆಯಲ್ಲಿ ಕೂರುವುದೇಕೆ, ಮನೆಯ ಮರ್ಯಾದೆ ಪ್ರಶ್ನೆ ಎಂದು ಅವ್ವನೇ ತನ್ನ ಕೈಯಿಂದ ಅದನ್ನು ಸುಂದ್ರಾಗೆ ಉಡಿಸಿದ್ದಳು. ಇದು ನನಗೆ ಸಂಜೆ ಗೊತ್ತಾಯಿತು, ಅವಳು ಅದನ್ನು ನೀಟಾಗಿ ಮಡಿಸಿ ನನ್ನ ತಲೆದೆಸೆಯಲ್ಲಿ ಇಟ್ಟಾಗ.

"ಬೇಕಂತನ ಮಾಡೀದಿ ನೀ," ಎಂದೆ. ಬಾಯಿ ಬಾತಿದ್ದರಿಂದ ಮಾತು ತೊದಲಿತು. "ಫೋಟೋದಾಗ ನಿಲ್ಲಾಕ ಬೇಕಂತನ ಮಾಡೀದಿ."

ಅವಳು ಪರಕಾರದ ಮೇಲೆ ಇನ್ನೊಮ್ಮೆ ಕೈಯಾಡಿಸಿದಳು.

"ಮಾತಾಡ, ತಾಯಿಲ್ಲದ ಪರದೇಶಿ!"

ಅವಳು ಎದ್ದು ಹೋದಳು. ಆಮೇಲೆ ಆಯಿ ಉಟಣೆ ಕುಟ್ಟುವುದನ್ನೇ ಬಿಟ್ಟಳು. ಮರುವರ್ಷ ಪೇಟೆಯಿಂದ ಪರಿಮಳದ ಸಾಬೂನು ಬಂತು. ಕತ್ತಲಖೋಲಿಗೆ ಬೀಜದ ಜೋಳದ ಚೀಲಗಳು ಬಂದವು. ಆಯಿಯ ಬೇರೆ ಫೋಟೋ ಯಾವುದೂ ಆಗಲಿಲ್ಲ. ಇದ್ದ ಒಂದನ್ನು ಪಡಸಾಲೆಯಲ್ಲಿ ತೂಗುಹಾಕಿದರು, ನಾನು ಮದುವೆಯಾಗಿ ಹೋಗುವ ತನಕ ದಿನಾ ಅದರ ಕೆಳಗೆ ಊಟ ಮಾಡಿದೆ. ನಾನು ಸೊಲ್ಲಾಪುರಕ್ಕೆ ಬಂದೆ, ಸುಂದ್ರಾ ಅಕ್ಕಲಕೋಟಕ್ಕೆ ಹೋದಳು. ಆಯಿ ಹೋದ ಮೇಲೆ ಮನೆ ಪಾಲಾಯಿತು. ನನಗೆ ಆಯಿಯ ಬಂಗಾರದ ಪಾಟಲಿ ಬಂದವು. ಸುಂದ್ರಾ ಕೇಳಿದ್ದು ಆ ಒರಳು ಮತ್ತು ಆ ಫೋಟೋ, ಯಾರಿಗೂ ಬೇಡವಾಗಿದ್ದವು. ಟೆಂಪೋದಲ್ಲಿ ಹಾಕಿಕೊಂಡು ಹೋದಳಂತೆ. ಆಗ ನಾನು ನಕ್ಕಿದ್ದೆ.

ಸೀಸೆ ಬಂದ ಮರುದಿನವೇ ಮೇಘಾಳಿಗೆ ಸ್ವಾಮಿಯ ದರ್ಶನಕ್ಕೆ ಹೋಗುತ್ತೇನೆ ಎಂದು ಹೇಳಿ ಅಕ್ಕಲಕೋಟದ ಬಸ್ಸು ಹತ್ತಿದೆ. ಚೀಲದಲ್ಲಿ ಸೀಸೆ ಇತ್ತು. ಎಂಐಡಿಸಿ ದಾಟುವ ತನಕ ಮಗ್ಗಗಳ ಸದ್ದು, ಆಮೇಲೆ ಕುಂಭಾರಿ. ನಮ್ಮ ಮನೆಯಿದ್ದ ಜಾಗದಲ್ಲಿ ಈಗ ಸಿಮೆಂಟಿನ ಎರಡು ಮಜಲಿನ ಕಟ್ಟಡ ಇದೆ ಎಂದು ಕೇಳಿದ್ದೇನೆ. ರಸ್ತೆಯಿಂದ ಕಾಣುವುದಿಲ್ಲ, ಕಂಡಿದ್ದರೂ ನೋಡುತ್ತಿರಲಿಲ್ಲ. ದಾರಿಯುದ್ದಕ್ಕೂ ಏನೇನು ಹೇಳಬೇಕೆಂದು ಜೋಡಿಸಿಕೊಂಡೆ. ನನ್ನ ಆಯಿಯನ್ನು ಮಾರುತ್ತಿದ್ದೀಯಾ ಎನ್ನುವುದು ಮೊದಲನೆಯ ಮಾತು. ಉಳಿದವು ಅದಕ್ಕಿಂತ ಖಾರವಾಗಿದ್ದವು.

ಸುಂದ್ರಾಳ ಮನೆ ಸ್ವಾಮಿಯ ಗುಡಿಯ ಹಿಂದಿನ ಗಲ್ಲಿಯಲ್ಲಿತ್ತು. ಹೊರಗಿನ ಕೋಣೆಯಲ್ಲಿ ಅವಳ ಸೊಸೆ ಸೀಸೆಗಳಿಗೆ ದಾರ ಕಟ್ಟುತ್ತ ಫೋನಿನಲ್ಲಿ ಯಾರಿಗೋ ಮರಾಠಿಯಲ್ಲಿ ಪುಣೆಗೆ ಪಾರ್ಸೆಲ್ ಯಾವ ದಿನ ತಲುಪುತ್ತದೆ ಎಂದು ಹೇಳುತ್ತಿದ್ದಳು. ಎಲ್ಲ ಸೀಸೆಗಳ ಮೇಲೂ ಆಯಿ, ಎಲ್ಲ ಸೀಸೆಗಳ ಮೇಲೂ ನನ್ನ ಪರಕಾರ. ಒಳಗಿನಿಂದ ಸುಂದ್ರಾ ಬಂದಳು. ತಲೆ ಪೂರ್ತಿ ಬೆಳ್ಳಗಾಗಿತ್ತು, ಆದರೆ ಮುಖದ ಚರ್ಮ ಮಾತ್ರ ಸುಟ್ಟುಕೊಂಡು ಹೋಗಲಿ, ಇನ್ನೂ ಹೊಳೆಯುತ್ತಿತ್ತು.

"ಬಾ ಶಕ್ಕು," ಎಂದಳು, ನಿನ್ನೆ ಬಿಟ್ಟು ಇವತ್ತು ಬಂದವಳಿಗೆ ಹೇಳುವ ಹಾಗೆ. "ಊಟಾ ಮಾಡು ಮೊದಲ."

ಬೇಡವೆಂದೆ, ಕೇಳಲಿಲ್ಲ. ಕಡಕ್ ರೊಟ್ಟಿ, ಮೊಸರು, ಶೇಂಗಾ ಚಟ್ನಿ. ಚಟ್ನಿ ನೋಡಿ ನಾನು ಅವಳ ಮುಖ ನೋಡಿದೆ.

"ಮಿಕ್ಸರದಾಗ ಮಾಡೀನಿ, ಹೆದರಬ್ಯಾಡ. ಒರಳಿನ ಹಂತ್ಯಾಕ ಒಯ್ಯಂಗಿಲ್ಲ."

ನಗು ಬಂತು. ಬರಗೊಡಲಿಲ್ಲ. ಚೀಲದಿಂದ ಸೀಸೆ ತೆಗೆದು ತಾಟಿನ ಪಕ್ಕ ಇಟ್ಟೆ.

"ನನ್ನ ಪರಕಾರ ಉಟಗೊಂಡು ಊರ ತುಂಬ ನಿಂತೀದಿ."

"ಹೂಂ," ಎಂದಳು. "ನಂದು ಬ್ಯಾರೆ ಫೋಟೋ ಎಲ್ಲಿ ಅದ? ಸಣ್ಣಾಕಿದ್ದಾಗಿಂದು ಅದೊಂದ."

"ಆಯಿ ನನಗೂ ಆಯಿನ. ಆದ್ರ ಆಕಿ ಕೈ ಹಿಡದು ಕುಂತಿದ್ದು ನಿನ್ನ ಒಬ್ಬಾಕಿ ಮುಂದ. ಎಲ್ಲಾ ಮೊದಲ ನಿನಗ. ಕಿವ್ಯಾಗ ಹೇಳೋ ಪ್ರೀತಿ ಮಾತೂ ನಿನಗ. ಅಷ್ಟೆಲ್ಲಾ ತಗೊಂಡು ಫೋಟೋನೂ ತಗೊಂಡಿ."

ಸುಂದ್ರಾ ನನ್ನನ್ನೇ ನೋಡಿದಳು. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ನನಗೆ ಅವಳ ಕಪಾಳಕ್ಕೆ ಬಾರಿಸಬೇಕೆನ್ನಿಸಿತು.

"ಪ್ರೀತಿ ಮಾತಾ? ಹುಚ್ಚಿ, ‘ಉರೀತದೇನ’ ಅಂತ ಕೇಳತಿದ್ಲು. ಅಷ್ಟ. ‘ತುರಸ್ತದೇನ, ಉರೀತದೇನ.’ ಆಕಿ ಕೈ ಎಮ್ಮಿ ತೊಗಲ ಆಗಿತ್ತು, ಹಚ್ಚಿಕೊಂಡ್ರ ಏನೂ ತಿಳೀತಿದ್ದಿಲ್ಲ. ಎಳೇ ತೊಗಲ ಬೇಕಾಗಿತ್ತು, ನೋಡಾಕ."

ಕೈಯಲ್ಲಿನ ರೊಟ್ಟಿಯನ್ನು ತಾಟಿಗೆ ಇಟ್ಟೆ.

"ನನ್ನ ತೊಗಲೂ ಎಳೇದ ಇತ್ತಲ್ಲ. ನನಗ ಯಾಕ ಹಚ್ಚಲಿಲ್ಲ?"

"ನಿನ್ನ ಮೈಮ್ಯಾಲ ಒಂದು ಗುಳ್ಳಿ ಎದ್ದಿದ್ರ ನಿಮ್ಮವ್ವ ಮನೀ ತಲಿಮ್ಯಾಲ ತಗೊಂತಿದ್ಲು." ತಾಟಿಗೆ ಇನ್ನೊಂದಿಷ್ಟು ಮೊಸರು ಹಾಕಿದಳು. "ನನಗ ಎದ್ರ ಕೇಳಾವ್ರು ಯಾರಿದ್ರು?"

ಅವಳ ದನಿಯಲ್ಲಿ ಕಹಿಯಿರಲಿಲ್ಲ, ಅದೇ ನನ್ನನ್ನು ಕೆಳಗೆ ಕೆಡವಿತು. ಬೆಣ್ಣೆ ಹಚ್ಚಿದ ರೊಟ್ಟಿ ಯಾರ ತಾಟಿಗೆ, ತಂಗಳು ಯಾರಿಗೆ ಎಂದು ಹೇಳುವಷ್ಟು ಸಹಜವಾಗಿ ಹೇಳಿದಳು. ಇಷ್ಟು ವರ್ಷ ನಾನು ದೇವರ ನೈವೇದ್ಯ ಎಂದುಕೊಂಡದ್ದು ಹಾಲು ಕೆಟ್ಟಿದೆಯೋ ಇಲ್ಲವೋ ಎಂದು ಬೆಕ್ಕಿಗೆ ಇಟ್ಟು ನೋಡುವ ಕೆಲಸವಾಗಿತ್ತು. 

"ಹಂಗಾದ್ರ ಆ ವರ್ಷ?" ಎಂದೆ. "ಖಾರ ಹತ್ತಿತ್ತಲ್ಲ ನಿನಗ. ಉರೀತದ ಅಂತ ಯಾಕ ಹೇಳಲಿಲ್ಲ?"

ಈ ಪ್ರಶ್ನೆಗೆ ಅವಳು ನಗಲಿಲ್ಲ. ಹೊರಗೆ ಸೊಸೆಯ ಫೋನಿನ ಮಾತು ನಿಂತಿತ್ತು. ಸುಂದ್ರಾ ಎದ್ದು ಆ ಬಾಗಿಲನ್ನು ಅರ್ಧ ಮುಂದೆ ಮಾಡಿ ಬಂದು ಕೂತಳು.

"ಉರೀತದ ಅಂದ್ರ ಆಯಿ ಲಗೂನ ಎದ್ದು ನೀರ ತರತಿದ್ಲು. ತೊಳದು ಕಳಸತಿದ್ಲು. ಇಲ್ಲ ಅಂದಷ್ಟ ಹೊತ್ತು ಕೈ ಹಿಡಕೊಂಡ ಕುಂದರತಿದ್ಲು." ಮೊಸರಿನ ಬಟ್ಟಲನ್ನು ಬದಿಗೆ ಸರಿಸಿದಳು. "ನಿಮ್ಮವ್ವ ದಿನಾ ನಿನ್ನ ತಲಿ ಹಿಕ್ಕತಿದ್ಲು. ನಾ ಬಾಗಲದಾಗ ನಿಂತು ನೋಡತಿದ್ದೆ. ನನಗ ವರ್ಷದಾಗ ಅದೊಂದ ಹೊತ್ತು ಇತ್ತು. ಭಾಳ ಉರೀತು ಆ ದಿನ. ಆಯಿನೂ ಬಿಡವಲ್ಲಳು, ಕೇಳತಾಳ, ಕೇಳತಾಳ. ನಾ ಇಲ್ಲ, ಇಲ್ಲ ಅಂದೆ. ನಾಳೆ ಅದನ್ನ ನಿನ್ನ ಮಾರಿಗಿ ಹಚ್ತಾರಂತ ನೆನಪ ಆಗಲಿಲ್ಲ ಶಕ್ಕು."

ಇದನ್ನು ಕೇಳಿದ ಮೇಲೆ ನನ್ನ ಹೊಟ್ಟೆಕಿಚ್ಚು ಆರಿಹೋಯಿತು ಎಂದು ಬರೆದರೆ ಓದುವವರಿಗೆ ಚೆನ್ನಾಗಿರುತ್ತದೆ. ಆರಲಿಲ್ಲ. ಪಾಪ ಎನ್ನಿಸಿತು, ನಿಜ. ಆದರೆ ಅದರ ಅಡಿಯಲ್ಲಿ ಹಳೆಯದು ಹಾಗೇ ಇತ್ತು. ಪರೀಕ್ಷೆಯೋ ಗಿರೀಕ್ಷೆಯೋ, ಆಯಿ ಕುಳಿತದ್ದಂತೂ ಸುಳ್ಳಲ್ಲ. ಯಾರ ಮುಂದೆಯೂ ಕೂರದವಳು ಇವಳ ಮುಂದೆ ಕೂತಳು. ಇವಳ ಕೈ ಹಿಡಿದಳು. ನಾನಾಗಿದ್ದರೆ ಖಾರ ಹತ್ತಿದ ಕೂಡಲೇ ಚೀರಿ ಮನೆ ಎಬ್ಬಿಸುತ್ತಿದ್ದೆ, ನನಗೆ ಆ ಹೊತ್ತು ಸಿಗುತ್ತಲೇ ಇರಲಿಲ್ಲ. ಅದಕ್ಕೂ ಅವಳ ಮೇಲೆ ಹೊಟ್ಟೆಕಿಚ್ಚಾಯಿತು.

ಕೈ ತೊಳೆದ ಮೇಲೆ ಅವಳು ನನ್ನನ್ನು ಹಿಂದಿನ ಪಡಸಾಲೆಗೆ ಕರೆದುಕೊಂಡು ಹೋದಳು. ಒರಳು ಅಲ್ಲಿತ್ತು. ನಾನು ನೆನೆದಷ್ಟು ದೊಡ್ಡದಿರಲಿಲ್ಲ. ಅಂಚಿನಲ್ಲಿ ಆಯಿಯ ಕಾಲು ತಾಗಿ ತಾಗಿ ನುಣುಪಾದ ಜಾಗ ಮಾತ್ರ ಹಾಗೇ ಇತ್ತು. ಆ ದಿನ ಬೆಳಗ್ಗೆ ಕುಟ್ಟಿದ ಉಟಣೆ ಜರಡಿಯ ಕೆಳಗೆ ರಾಶಿ ಬಿದ್ದಿತ್ತು, ಹೊಸ ಕಚೋರದ ಘಾಟು ಮೂಗಿಗೆ ಹೊಡೆಯಿತು. ಇನ್ನೂ ಸೀಸೆಗೆ ತುಂಬಿರಲಿಲ್ಲ.

"ತುಂಬಾಕ ಮೊದಲ ನೋಡಬೇಕು," ಎಂದಳು. "ಈ ಸಲ ಕಚೋರ ಜರಾ ಜೋರ ಅದ. ಸುಡೂದಾದ್ರ ಇಡೀ ಘಾಣ ಚೆಲ್ಲೂದ."

ಬಟ್ಟಲಲ್ಲಿ ಒಂದು ಚಿಟಿಕೆ ಹಾಲಿಗೆ ಕಲಸಿದಳು. ಮಾತಾಡುತ್ತಲೇ, ಯಾವ ಯೋಚನೆಯೂ ಇಲ್ಲದೆ, ತನ್ನ ಎಡಗೈಯ ಕುಪ್ಪಸದ ತೋಳನ್ನು ಮೇಲೆ ಸರಿಸಿದಳು. ಮೊಣಕೈಯ ಒಳಮಡಿಕೆಯಲ್ಲಿ ಕಂದು ಕಲೆಗಳ ಮೇಲೆ ಕಲೆಗಳಿದ್ದವು. ಈಗಲೂ ಮೊದಲು ಸುಂದ್ರಾಗೆ.

"ತಡಿ," ಎಂದೆ. ಬಳೆಗಳನ್ನೂ ಆಯಿಯ ಪಾಟಲಿಯನ್ನೂ ಮೇಲೆ ಸರಿಸಿ ಕೈ ಚಾಚಿದೆ. "ಇವತ್ತ ಮೊದಲ ನನಗ ಹಚ್ಚು."

"ವಯಸ್ಸಾಗ್ಯಾದ ನಿನಗ. ಎಳೇ ತೊಗಲ ಎಲ್ಲಿ ಉಳದದ?"

"ಹಚ್ಚು ಅಂದೆ."

ಒರಳಿನ ಆಚೆ ಅವಳು, ಈಚೆ ನಾನು. ನನ್ನ ಮೊಣಕೈಯ ಮಡಿಕೆಗೆ ಎರಡು ಬೆರಳಿನಿಂದ ಹಚ್ಚಿದಳು. ಆಮೇಲೆ ಏನೂ ಕೇಳದೆ ನನ್ನ ಮುಂಗೈಯನ್ನು ಹಿಡಿದುಕೊಂಡು ಕುಳಿತಳು. ಕುಟ್ಟಿ ಕುಟ್ಟಿ ಅವಳ ಅಂಗೈ ಒರಟಾಗಿತ್ತು. ಆ ಒರಟನ್ನು ನಾನು ಬಲ್ಲೆ. ಒಂದು ಹಬ್ಬದ ಬೆಳಗ್ಗೆ, ಒಂದೇ ಕ್ಷಣ, ಅದು ನನ್ನ ಎರಡೂ ಕೆನ್ನೆಗಳ ಮೇಲೆ ಇತ್ತು. ಹೊರಗೆ ಗಲ್ಲಿಯಲ್ಲಿ ಜನ ಹಾಯುತ್ತಿದ್ದರು. ಸ್ವಲ್ಪ ಹೊತ್ತಿಗೆ ಹಚ್ಚಿದ ಜಾಗ ಬೆಚ್ಚಗಾಯಿತು, ಆಮೇಲೆ ಚುರುಚುರು ಎನ್ನತೊಡಗಿತು.

ಸುಂದ್ರಾ ತಲೆ ಬಾಗಿಸಿದಳು.

"ಉರೀತದೇನ?"

"ಇಲ್ಲ," ಎಂದೆ.

ಅಂಚು ಕೆಂಪಾಗುತ್ತಿದ್ದದ್ದು ನನಗೆ ಕಾಣುತ್ತಿತ್ತು. ಅವಳಿಗೂ ಕಾಣುತ್ತಿತ್ತು. ಅವಳು ನೀರಿಗೆ ಏಳಲಿಲ್ಲ.

"ಈಗ?"

"ಇಲ್ಲ. ಇನ್ನೂ ಜರಾ ಕುಂದ್ರು."